ತುಟಿ ಅಲುಗದ ಓದು: ಒಳನುಡಿಯ ಬೆನ್ನು ಹತ್ತಿದವರ ಕಥೆ

ಮಿಲಾನಿನ ಬಿಷಪ್ ಆಂಬ್ರೋಸ್ ಓದಲು ಕೂತಾಗ ಅವರ ಕೋಣೆಗೆ ಯಾರು ಬೇಕಾದರೂ ಬರಬಹುದಿತ್ತು. ಬಂದವರಿಗೆ ಕಾಣುತ್ತಿದ್ದುದು ಇಷ್ಟೆ: ಕಣ್ಣು ಪುಟದ ಮೇಲೆ ಹರಿಯುತ್ತಿದೆ, ನಾಲಿಗೆ ಸುಮ್ಮನಿದೆ. ಕ್ರಿ.ಶ. 384ರಲ್ಲಿ ಆ ಊರಿಗೆ ಬಂದ ಅಗಸ್ಟೀನ್ ಇದನ್ನು ತನ್ನ ‘ಕನ್ಫೆಶನ್ಸ್’ನ ಆರನೆಯ ಭಾಗದಲ್ಲಿ ಬರೆದಿಟ್ಟ, ಕಾರಣವನ್ನೂ ಊಹಿಸಿದ. ಗಟ್ಟಿಯಾಗಿ ಓದಿದರೆ ಕೇಳಿದವರು ಅರ್ಥ ಹೇಳೆಂದು ಕಾಡಿಯಾರು. ಅಥವಾ ಬೇಗ ಕಟ್ಟಿಕೊಳ್ಳುವ ಗಂಟಲನ್ನು ಬಿಷಪರು ಕಾಪಾಡಿಕೊಳ್ಳುತ್ತಿರಬಹುದು.

ಈ ನಾಲ್ಕಾರು ಸಾಲುಗಳ ಮೇಲೆ ವಿದ್ವಾಂಸರು ಮಹಡಿಯನ್ನೇ ಎಬ್ಬಿಸಿದರು. ಹಂಗೇರಿಯ ಯೋಸೆಫ್ ಬಾಲೋಗ್ 1927ರಲ್ಲಿ ಪ್ರಾಚೀನರೆಲ್ಲ ದನಿಯೆತ್ತಿಯೇ ಓದುತ್ತಿದ್ದರು, ಮೌನ ಓದು ಅಪರೂಪದ ವಿಸ್ಮಯವಾಗಿತ್ತು ಎಂದು ವಾದಿಸಿದ. ಮಾತು ಪಠ್ಯಪುಸ್ತಕಗಳಿಗೂ ಹಬ್ಬಿತು. 1968ರಲ್ಲಿ ಬರ್ನಾರ್ಡ್ ನಾಕ್ಸ್ ಗ್ರೀಕ್ ನಾಟಕಗಳನ್ನು ಮುಂದಿಟ್ಟು ಇದನ್ನು ಪ್ರಶ್ನಿಸಿದ. ಯೂರಿಪಿಡೀಸನ ‘ಹಿಪೊಲಿಟಸ್’ನಲ್ಲಿ (ಕ್ರಿ.ಪೂ. 428) ಸತ್ತ ಹೆಂಡತಿಯ ಪತ್ರವನ್ನು ಥೀಸಿಯಸ್ ರಂಗದ ಮೇಲೆಯೇ ಮೌನವಾಗಿ ಓದಿಕೊಳ್ಳುತ್ತಾನೆ. ಅದು ಯಾರಿಗೂ ವಿಚಿತ್ರವೆನಿಸಿದ ಸುಳಿವಿಲ್ಲ. ಅಷ್ಟೇಕೆ, ಎಂಟನೆಯ ಭಾಗದಲ್ಲಿ ತನ್ನ ಬಾಳನ್ನೇ ತಿರುಗಿಸಿದ ವಾಕ್ಯವನ್ನು ಅಗಸ್ಟೀನನೂ ಸದ್ದಿಲ್ಲದೆಯೇ ಓದಿದ್ದಾಗಿ ಹೇಳುತ್ತಾನೆ. ಆಂಬ್ರೋಸ್ ವಿಷಯದಲ್ಲಿ ಅವನನ್ನು ಕೆಣಕಿದ್ದು ಮೌನವಲ್ಲ, ಎದುರಿಗೆ ಜನರಿದ್ದರೂ ಮುರಿಯದ ಮೌನ.

ಇನ್ನೊಂದು ವಾದವನ್ನು ಪಾಲ್ ಸೆಂಗರ್ 1997ರಲ್ಲಿ ಹೂಡಿದ. ಏಳನೆಯ ಶತಮಾನದಿಂದ ಐರಿಷ್ ಲಿಪಿಕಾರರು ಪದಗಳ ನಡುವೆ ಜಾಗ ಬಿಡತೊಡಗಿದ್ದರಿಂದ ಮೌನ ಓದು ಸಲೀಸಾಯಿತು ಎಂಬುದು ಅವನ ಮಾತು. ಪದಗಳ ನಡುವೆ ಬಿಡುವಿಲ್ಲದ ಕನ್ನಡದ ಓಲೆಗರಿ ಕಟ್ಟುಗಳನ್ನೂ, ಕುಮಾರವ್ಯಾಸನನ್ನು ಸಭೆಗೆ ಹಾಡಿ ಓದುವ ಗಮಕಿಗಳನ್ನೂ ಬಲ್ಲವರಿಗೆ ಇದು ಅರ್ಧ ಒಪ್ಪಿಗೆಯಾದೀತು. ಉಳಿದರ್ಧಕ್ಕೆ ಜಪವೇ ಅಡ್ಡಿ. ಬಾಯಿಪಾಠವಾದ ಮಂತ್ರಕ್ಕೆ ಬರಹದ ಹಂಗಿಲ್ಲ. ಆದರೂ ಅದನ್ನು ವಾಚಿಕ, ಉಪಾಂಶು, ಮಾನಸ ಎಂದು ಮೂರಾಗಿ ವಿಂಗಡಿಸಿದ್ದರು. ಮನುಸ್ಮೃತಿಯ ಎರಡನೆಯ ಅಧ್ಯಾಯ ಯಜ್ಞಕ್ಕಿಂತ ಜಪವನ್ನು ಹತ್ತು ಪಟ್ಟು ಹೆಚ್ಚೆಂದು ಎಣಿಸಿ, ಪಕ್ಕದವರಿಗೂ ಕೇಳಿಸದ ಉಪಾಂಶುವಿಗೆ ನೂರು, ಮಾನಸಕ್ಕೆ ಸಾವಿರ ಪಟ್ಟು ಬೆಲೆ ಕಟ್ಟುತ್ತದೆ. ಭರ್ತೃಹರಿ ಹೇಳುವ ವಾಕ್ಕಿನ ಮೂರು ನೆಲೆಗಳಲ್ಲಿ ಮಧ್ಯಮಾ ಎಂಬುದು ಹೊರಗೆ ಉಚ್ಚಾರವಾಗದೆ ಬುದ್ಧಿಯಲ್ಲೇ ಸಾಗುವ ಮಾತು. ಸದ್ದಿಲ್ಲದ ನುಡಿ ಇಲ್ಲಿ ಕೊರತೆಯಲ್ಲ, ಮೇಲಿನ ಮೆಟ್ಟಿಲು.

ಆಧುನಿಕ ಮನೋವಿಜ್ಞಾನ ಇದನ್ನು ಗಂಟಲಿಗೆ ಇಳಿಸಿತು.

ವರ್ತನವಾದದ ಜೆ.ಬಿ. ವಾಟ್ಸನ್ 1913ರಲ್ಲಿ, ಆಲೋಚನೆ ಎಂಬುದು ಹೆಚ್ಚಿನಂಶ ಧ್ವನಿಪೆಟ್ಟಿಗೆಯ ಸೂಕ್ಷ್ಮ ಚಲನೆಯೇ ಎಂದು ಸೂಚಿಸಿದ. ಹಾಗಿದ್ದರೆ ಆ ಚಲನೆ ಅಳತೆಗೆ ಸಿಗಬೇಕು. ಷಿಕಾಗೋದಲ್ಲಿ ಎಡ್ಮಂಡ್ ಜೇಕಬ್ಸನ್ ನಾಲಿಗೆ, ತುಟಿಗಳಿಗೆ ವಿದ್ಯುದ್ವಾರ ಜೋಡಿಸಿ, ಮನಸ್ಸಿನಲ್ಲೇ ಎಣಿಸಿ ಎಂದಾಗ ಅಲ್ಲಿ ಪುಟ್ಟ ವಿದ್ಯುತ್ ಮಿಡಿತಗಳೇಳುವುದನ್ನು 1930ರ ದಶಕದ ಆರಂಭದಲ್ಲಿ ದಾಖಲಿಸಿದ. ಲೂಯಿಸ್ ಮ್ಯಾಕ್ಸ್ 1937ರಲ್ಲಿ ಇನ್ನೂ ಸೊಗಸಾದ ಸಂಗತಿ ಪ್ರಕಟಿಸಿದ: ಕೈಸನ್ನೆಯಲ್ಲಿ ಮಾತಾಡುವ ಕಿವುಡರು ಲೆಕ್ಕ ಬಿಡಿಸುವಾಗ ಅವರ ತೋಳಿನ ಸ್ನಾಯುಗಳು ಮಿಡಿಯುತ್ತಿದ್ದವು. ಮಿಡಿತ ಇತ್ತು, ನಿಜ. ಆದರೆ ಆಲೋಚನೆ ಅದೇನಾ, ಅದರ ನೆರಳಾ?

ತೀರ್ಪು ಬಂದದ್ದು ಅರಿವಳಿಕೆ ತಜ್ಞರಿಂದ, ಅದೂ ಬೇರೊಂದು ಪ್ರಶ್ನೆಯ ಜೊತೆಗೆ. ದಕ್ಷಿಣ ಅಮೆರಿಕದ ಬುಡಕಟ್ಟುಗಳ ಬಾಣದ ವಿಷ ಕ್ಯುರಾರೆಯಿಂದ ತೆಗೆದ ಮದ್ದು ಆಗಷ್ಟೇ ಶಸ್ತ್ರಚಿಕಿತ್ಸೆಗೆ ಕಾಲಿಟ್ಟಿತ್ತು. ಅದು ಸ್ನಾಯುಗಳನ್ನಷ್ಟೇ ಸಡಿಲಿಸುತ್ತದೋ, ಪ್ರಜ್ಞೆಯನ್ನೂ ಕಸಿಯುತ್ತದೋ ತಿಳಿಯಬೇಕಿತ್ತು. ಯೂಟಾದ ವೈದ್ಯ ಸ್ಕಾಟ್ ಸ್ಮಿತ್ ತಾನೇ ಮಲಗಿದ. ಉಸಿರಾಟ ನಿಲ್ಲಿಸಲು ಸಾಕಾಗುವುದರ ಎರಡೂವರೆ ಪಟ್ಟು ಮದ್ದು ಕೊಟ್ಟರು. ಜೊತೆಗಾರರು ಕೃತಕವಾಗಿ ಉಸಿರಾಡಿಸಿದರು. ಗಂಟಲು, ನಾಲಿಗೆ, ರೆಪ್ಪೆ ಯಾವುದೂ ಅಲುಗದ ಆ ಹೊತ್ತಿನಲ್ಲಿ ಸುತ್ತಲವರು ಆಡಿದ ಮಾತು, ಕೇಳಿದ ಪ್ರಶ್ನೆ ಎಲ್ಲವನ್ನೂ ಮದ್ದಿಳಿದ ಮೇಲೆ ಆತ ವರದಿ ಮಾಡಿದ. ಮನಸ್ಸು ಒಂದಿಷ್ಟೂ ಮಸುಕಾಗಿರಲಿಲ್ಲ. 1947ರ ಈ ಪ್ರಬಂಧ ಇಂದಿನ ನೀತಿ ಸಮಿತಿಗಳನ್ನು ದಾಟಲಾರದು. ವಾಟ್ಸನ್ನನ ವಾದವಂತೂ ಅದನ್ನು ದಾಟಿ ಬರಲಿಲ್ಲ.

ಗಂಟಲಿಲ್ಲದೆಯೂ ಆಲೋಚನೆ ನಡೆಯುತ್ತದೆ ಎಂದಾದರೆ ಓದುವಾಗ ಅದು ಮಿಡಿಯುವುದೇಕೆ? ಶಾಲೆಗಳಲ್ಲಿ ಇದನ್ನು ಬಿಡಿಸಬೇಕಾದ ಕೆಟ್ಟ ಚಾಳಿಯೆಂದೇ ಕಂಡವರಿದ್ದರು. ಸ್ವೀಡನ್ನಿನ ಓಕೆ ಎಡ್‌ಫೆಲ್ಟ್ 1959ರಲ್ಲಿ ಸ್ಟಾಕ್‌ಹೋಮಿನಿಂದ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಚಿತ್ರವಿತ್ತು: ಪಠ್ಯ ಕಠಿಣವಾದಷ್ಟೂ ಒಳನುಡಿಯ ಮಿಡಿತ ಹೆಚ್ಚು. ಚಾಳಿಗೆ ಪಠ್ಯದ ತೂಕ ತಿಳಿಯುವುದುಂಟೇ?

ಕ್ಯಾಲಿಫೋರ್ನಿಯಾದ ಕರ್ಟಿಸ್ ಹಾರ್ಡಿಕ್ ಮತ್ತು ಜೊತೆಗಾರರು 1966ರಲ್ಲಿ, ಓದುವಾಗ ಗಂಟಲು ಮಿಡಿದರೆ ಓದುಗನಿಗೇ ಸದ್ದು ಕೇಳಿಸುವಂತೆ ಮಾಡಿದರು. ಚಾಳಿ ಬೇಗನೆ ಬಿಟ್ಟುಹೋಯಿತು. ವೇಗದ ಓದಿನ ತರಗತಿಗಳಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ. ಆದರೆ ಹಾರ್ಡಿಕ್ ಮತ್ತು ಆ ಜೊತೆಗಾರರಲ್ಲಿ ಒಬ್ಬನಾದ ಪೆಟ್ರಿನೊವಿಚ್ ಅಲ್ಲಿಗೆ ನಿಲ್ಲದೆ 1970ರಲ್ಲಿ ಮತ್ತೊಂದು ಪ್ರಯೋಗ ಮಾಡಿದರು. ಗಂಟಲಿನ ಮಿಡಿತ ಅಡಗಿಸಿಕೊಂಡ ವಿದ್ಯಾರ್ಥಿಗಳಿಗೆ ಸುಲಭದ ಪ್ರಬಂಧ ಎಂದಿನಂತೆ ಅರ್ಥವಾಯಿತು. ಕಠಿಣ ಪ್ರಬಂಧದಲ್ಲಿ ಮಾತ್ರ ಅವರು, ಹಾಗೆ ಅಡಗಿಸದೆ ಓದಿದವರಿಗಿಂತ ಹಿಂದೆ ಬಿದ್ದರು.