ಮನೆತನವೇ ಕ್ಲಬ್ಬು: ಕೊಡಗಿನ ಕುಟುಂಬ ಹಾಕಿ ಹಬ್ಬದ ಇತಿಹಾಸ

1997 ನಮ್ಮ ಜಿಲ್ಲೆಯವರು ಮರೆಯದ ವರ್ಷ. ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಹುಟ್ಟಿದ್ದು ಆಗ. ಅದೇ ವರ್ಷ ಕೊಡಗಿನಲ್ಲಿ, ವಿರಾಜಪೇಟೆ ಕಡೆಯ ಕರಡ ಎಂಬ ಊರಲ್ಲಿ ಒಂದು ಹಾಕಿ ಪಂದ್ಯಾವಳಿ ನಡೆಯಿತು. ಆಡಲು ಬಂದದ್ದು 60 ತಂಡ. ಒಂದೊಂದು ತಂಡವೂ ಒಂದೊಂದು ಮನೆತನ.

ಚಿಕ್ಕೇರೂರು, ಹಂಸಭಾವಿ, ಹಿರೇಕೆರೂರು ಕಡೆ ಆಟ ಅಂದರೆ ಕಬಡ್ಡಿ, ಖೋ-ಖೋ, ವಾಲಿಬಾಲ್, ಕುಸ್ತಿ. ದೀಪಾವಳಿ ಬಂತೆಂದರೆ ಕೊಬ್ಬರಿ ಹೋರಿ. ಹಾಕಿ ಸ್ಟಿಕ್ಕನ್ನು ಕೈಯಲ್ಲಿ ಹಿಡಿದು ನೋಡಿದವರು ನಮ್ಮಲ್ಲಿ ಕಡಿಮೆ. ಹಾಗಿದ್ದರೂ ಈ ಕಥೆ ಹೇಳುತ್ತಿದ್ದೇವೆ. ಒಂದು ಆಟವನ್ನು ಅಜ್ಜನಿಂದ ಮೊಮ್ಮಗನ ತನಕ ಉಳಿಸುವುದು ಹೇಗೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಉಳಿಸಿದರಷ್ಟೇ ಸಾಕಾಗುವುದಿಲ್ಲ ಎಂಬುದಕ್ಕೂ ಇದೇ ಉದಾಹರಣೆ.

ಸ್ಟಿಕ್ಕು ಬಂದ ದಾರಿ

ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಆಮೇಲೆ ಕಾಫಿ ತೋಟಗಳು ಬಂದವು, ಶಾಲೆಗಳು ಬಂದವು. ಕೊಡಗಿನ ಹುಡುಗರು ಸೈನ್ಯ ಸೇರುವುದೂ ಹೆಚ್ಚಿತು. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ.ಎಂ. ಕಾರ್ಯಪ್ಪ ಕೊಡಗಿನವರು. ಮುಂದೆ ಸೇನಾ ಮುಖ್ಯಸ್ಥರಾದ ಕೆ.ಎಸ್. ತಿಮ್ಮಯ್ಯ ಕೂಡ ಕೊಡಗಿನವರೇ. ಆ ಕಾಲದ ಸೈನ್ಯದಲ್ಲಿ ಹಾಕಿ ದೊಡ್ಡ ಆಟವಾಗಿತ್ತು. ರಜೆಗೆ ಊರಿಗೆ ಬಂದ ಸೈನಿಕರ ಜೊತೆ ಆಟವೂ ಊರಿಗೆ ಬಂತು. ಭತ್ತದ ಕೊಯ್ಲು ಮುಗಿದ ಗದ್ದೆಯೇ ಮೈದಾನವಾಯಿತು.

ಅಲ್ಲಿಂದ ಬಂದವರ ಹೆಸರುಗಳನ್ನು ನೋಡಿ. ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಮರುವರ್ಷದ ವಿಶ್ವಕಪ್‌ನಲ್ಲಿ ಅವರೇ ನಾಯಕ, ಭಾರತಕ್ಕೆ ಬೆಳ್ಳಿ ಬಂತು. ಬಿ.ಪಿ. ಗೋವಿಂದ 1975ರಲ್ಲಿ ವಿಶ್ವಕಪ್ ಗೆದ್ದ ತಂಡದವರು. ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಆಡಿ, 1988ರ ಸೋಲ್ ಒಲಿಂಪಿಕ್ಸ್‌ಗೆ ನಾಯಕರಾಗಿ ಹೋದರು. ಇವರೆಲ್ಲ ಒಂದು ಪುಟ್ಟ ಗುಡ್ಡಗಾಡು ಜಿಲ್ಲೆಯವರು.

ಹೆಸರಿನ ಮುಂದಿನ ಅಕ್ಷರಗಳಲ್ಲೂ ಒಂದು ಸಂಗತಿ ಇದೆ. ಸೋಮಯ್ಯನವರ ಮೊದಲ 'ಎಂ' ಅಂದರೆ ಮನೆಯಪಂಡ. ಗಣೇಶ್ ಅವರ 'ಎಂ' ಅಂದರೆ ಮೊಳ್ಳೇರ. ಇವು ಊರ ಹೆಸರಲ್ಲ, ಮನೆತನದ ಹೆಸರು. ಕೊಡವರು ಮನೆತನಕ್ಕೆ 'ಒಕ್ಕ' ಎನ್ನುತ್ತಾರೆ. ಒಕ್ಕಕ್ಕೊಂದು ಮೂಲ ಮನೆ ಇರುತ್ತದೆ, ಅದು 'ಐನ್ ಮನೆ'. ನಮ್ಮ ಕಡೆ ಅಡ್ಡಹೆಸರು ಹೇಳಿದ ಕೂಡಲೇ ಯಾವ ಮನೆಯವರು ಎಂದು ತಿಳಿಯುವ ಹಾಗೆ, ಅಲ್ಲಿ ಒಕ್ಕದ ಹೆಸರು ಹೇಳಿದರೆ ಸಾಕು.

ಮಣ್ಣು ಹೋಗಿ ಟರ್ಫ್ ಬಂತು

1928ರಿಂದ ನಡೆದ ಒಲಿಂಪಿಕ್ಸ್‌ಗಳಲ್ಲಿ ಭಾರತದ ಹಾಕಿ ತಂಡ ಬರಿಗೈಯಲ್ಲಿ ಬಂದದ್ದೇ ಇರಲಿಲ್ಲ. 1976ರ ಮಾಂಟ್ರಿಯಲ್‌ನಲ್ಲಿ ಮೊದಲ ಸಲ ಪದಕವಿಲ್ಲದೆ ಏಳನೇ ಸ್ಥಾನಕ್ಕೆ ಇಳಿಯಿತು. ಒಲಿಂಪಿಕ್ಸ್ ಹಾಕಿ ಹುಲ್ಲಿನಿಂದ ಕೃತಕ ಹಾಸಿಗೆಗೆ, ಅಂದರೆ ಟರ್ಫ್‌ಗೆ ಬದಲಾದದ್ದೂ ಅಲ್ಲೇ. ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ನಿಲ್ಲುತ್ತದೆ. ಅದನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಆಚೀಚೆ ತಿರುಗಿಸುವ ಕೈಚಳಕ ನಮ್ಮವರದು. ಟರ್ಫ್ ಮೇಲೆ ಚೆಂಡು ಜಾರಿಕೊಂಡು ಓಡುತ್ತದೆ. ಅಲ್ಲಿ ವೇಗ, ದಮ್ಮು, ನೇರ ಪಾಸು ಬೇಕು. ಟರ್ಫ್ ಹಾಸುವುದಕ್ಕೆ ಕೋಟಿಗಟ್ಟಲೆ ಖರ್ಚು, ದಿನವೂ ನೀರು ಹಾಯಿಸಬೇಕು. ಹಳ್ಳಿಯ ಹುಡುಗನಿಗೂ ದೇಶದ ತಂಡಕ್ಕೂ ನಡುವೆ ಹೀಗೊಂದು ಗೋಡೆ ಎದ್ದಿತು.

ಅತ್ತ 1983ರಲ್ಲಿ ಭಾರತ ಕ್ರಿಕೆಟ್ ವಿಶ್ವಕಪ್ ಗೆದ್ದಿತು. ಟಿವಿ ಮನೆ ಮನೆಗೂ ಬಂತು. ಹಾಕಿ ಆಡುತ್ತಿದ್ದ ಕೈಗಳೂ ಬ್ಯಾಟಿನ ಕಡೆ ಹೋದವು. ಕೊಡಗಿನ ಒಕ್ಕಗಳೂ ಚದುರುತ್ತಿದ್ದವು. ಮಕ್ಕಳು ಓದಿಗೆ, ನೌಕರಿಗೆ ಮೈಸೂರು, ಬೆಂಗಳೂರು ಸೇರಿದರು. ಐನ್ ಮನೆಗೆ ಬರುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ ಅಷ್ಟೇ.

ಪಾಂಡಂಡ ಕುಟ್ಟಪ್ಪ ಮಾಡಿದ ಕೆಲಸ

ಬ್ಯಾಂಕಿನಲ್ಲಿ ದುಡಿದು ನಿವೃತ್ತರಾಗಿದ್ದ, ಹಾಕಿ ಪಂದ್ಯಗಳಿಗೆ ರೆಫರಿಯೂ ಆಗಿದ್ದ ಪಾಂಡಂಡ ಕುಟ್ಟಪ್ಪ ಈ ಎರಡು ಚಿಂತೆಗಳನ್ನು ಒಂದೇ ಕಡೆ ಸೇರಿಸಿದರು. ಆಟವೂ ಉಳಿಯಬೇಕು, ಮನೆತನವೂ ಒಂದಾಗಬೇಕು. ಹಾಗಾದರೆ ಮನೆತನದ ಹೆಸರಿನಲ್ಲೇ ತಂಡ ಕಟ್ಟಿದರೆ ಹೇಗೆ? 1997ರ ಕರಡದ ಪಂದ್ಯಾವಳಿ ಹುಟ್ಟಿದ್ದು ಹಾಗೆ.

ಬೇರೆ ಕಡೆ ಹಾಕಿ ಕ್ಲಬ್ ಅಂದರೆ ವಯಸ್ಸಿಗೆ ತಕ್ಕ ತಂಡಗಳು. ಹುಡುಗರಿಗೆ ಜೂನಿಯರ್, ದೊಡ್ಡವರಿಗೆ ಸೀನಿಯರ್, ಮೂವತ್ತೈದು ನಲವತ್ತು ದಾಟಿದವರಿಗೆ ಮಾಸ್ಟರ್ಸ್. ಕೊಡಗಿನ ಹಬ್ಬದಲ್ಲಿ ಈ ಮೂರೂ ಒಂದೇ ತಂಡದೊಳಗೆ ಇರುತ್ತವೆ. ರಾಜ್ಯಕ್ಕೆ ಆಡಿದ ಆಟಗಾರನ ಪಕ್ಕದಲ್ಲಿ ಶಾಲೆಗೆ ಹೋಗುವ ಹುಡುಗ, ಆ ಕಡೆ ನಿವೃತ್ತ ಸೈನಿಕರಾದ ದೊಡ್ಡಪ್ಪ, ಈ ಕಡೆ ಮನೆಯ ಹೆಣ್ಣುಮಗಳು. ಮದುವೆಯಾಗಿ ಬಂದ ಸೊಸೆಯೂ ಸ್ಟಿಕ್ಕು ಹಿಡಿಯುತ್ತಾಳೆ.

ಕೇಳುವುದಕ್ಕೆ ಚೆಂದ ಅನಿಸಿದರೂ ಇದು ಮಕ್ಕಳಾಟವಲ್ಲ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಹೆಚ್ಚು ಕಡಿಮೆ ಕ್ರಿಕೆಟ್ ಚೆಂಡಿನಷ್ಟೇ. ಎದುರು ಅಜ್ಜ ಇದ್ದಾರೆ, ಚಿಕ್ಕ ಹುಡುಗಿ ಇದ್ದಾಳೆ ಎಂದು ನೋಡಿಕೊಂಡು ಹೊಡೆಯುವುದನ್ನು ಗಟ್ಟಿ ಆಟಗಾರನೂ ಅಲ್ಲಿ ಕಲಿಯಬೇಕು.

ಪಾಳಿಯ ಪದ್ಧತಿ

ಈ ಹಬ್ಬ ಇಷ್ಟು ವರ್ಷ ನಡೆದದ್ದಕ್ಕೆ ಮುಖ್ಯ ಕಾರಣ ಅದರ ಪಾಳಿ. ಒಂದೊಂದು ವರ್ಷ ಒಂದೊಂದು ಒಕ್ಕ ಹೊಣೆ ಹೊರುತ್ತದೆ. ಆ ವರ್ಷದ ಕಪ್ಪಿಗೆ ಆ ಒಕ್ಕದ್ದೇ ಹೆಸರು. ಮೊದಲ ವರ್ಷ ಪಾಂಡಂಡ, ಮರುವರ್ಷ ಕೋಡಿರ, ಆಮೇಲೆ ಬಲ್ಲಚಂಡ, ಹೀಗೆ ಸಾಗಿದೆ. ಮೈದಾನ ಸಜ್ಜು ಮಾಡುವುದು, ಅಂಪೈರ್‌ಗಳನ್ನು ಕರೆಸುವುದು, ಹಣ ಹೊಂದಿಸುವುದು, ಬಂದ ಮಂದಿಗೆ ವ್ಯವಸ್ಥೆ ಮಾಡುವುದು ಎಲ್ಲ ಆ ಮನೆಯವರ ಪಾಲು. ಸರ್ಕಾರದ ಅನುದಾನ ಬಂದರೂ ಮೈ ಬಗ್ಗಿಸಿ ದುಡಿಯುವವರು ಮನೆಯವರೇ.

ಕೆಲಸ ಎಷ್ಟು ದೊಡ್ಡದು ಎಂದು ಬೆರಳೆಣಿಸಿ ನೋಡಿ. ನಾಕೌಟ್‌ನಲ್ಲಿ ಒಂದು ಪಂದ್ಯಕ್ಕೆ ಒಂದು ತಂಡ ಮನೆಗೆ ಹೋಗುತ್ತದೆ. 60 ತಂಡ ಇದ್ದರೆ ಒಬ್ಬರು ಉಳಿಯುವ ಹೊತ್ತಿಗೆ 59 ಪಂದ್ಯ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆಯವರು ನಡೆಸಿದ ಹಬ್ಬಕ್ಕೆ 360 ಒಕ್ಕಗಳು ಹೆಸರು ಕೊಟ್ಟವು. ಆ ಲೆಕ್ಕದಲ್ಲಿ 359 ಪಂದ್ಯ. ತಿಂಗಳಿಡೀ ಆಡಿಸಿದರೂ ದಿನಕ್ಕೆ ಹನ್ನೆರಡು ಪಂದ್ಯ ಬೀಳುತ್ತವೆ. ಅಷ್ಟು ದೊಡ್ಡ ಹಾಕಿ ಪಂದ್ಯಾವಳಿ ಜಗತ್ತಿನಲ್ಲೇ ಬೇರೆ ಇಲ್ಲ ಎಂದು ಗಿನ್ನೆಸ್ ದಾಖಲೆಯವರು ಪ್ರಮಾಣಪತ್ರ ಕೊಟ್ಟರು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಮನೆಯವರ ಹಬ್ಬಕ್ಕೆ ಸಂಖ್ಯೆ 396ಕ್ಕೆ ಏರಿತು.

ನಡುವೆ ಕಷ್ಟದ ದಿನಗಳೂ ಬಂದವು. 2018ರ ಮಳೆಗೆ ಕೊಡಗಿನ ಗುಡ್ಡಗಳು ಕುಸಿದವು, ಜನ ಮನೆಮಠ ಕಳೆದುಕೊಂಡರು. ಆಮೇಲೆ ಕೊರೊನಾ ಬಂತು. ದೊಡ್ಡ ಹಬ್ಬ ನಿಂತೇ ಹೋಯಿತು. ನಾಲ್ಕು ವರ್ಷ ಬಿಟ್ಟ ಆಟ ಮತ್ತೆ ಏಳುವುದು ಸುಲಭವಲ್ಲ. ಆದರೆ 2023ರಲ್ಲಿ ಅಪ್ಪಚೆಟ್ಟೋಳಂಡ ಮನೆಯವರು ನಾಪೋಕ್ಲುವಿನಲ್ಲಿ ಹೊಣೆ ಹೊತ್ತರು, ತಂಡಗಳು ಮೊದಲಿನಂತೆಯೇ ನೂರುಗಟ್ಟಲೆ ಬಂದವು. ಹಬ್ಬ ಒಬ್ಬ ಮನುಷ್ಯನ ಮೇಲೆ ನಿಂತಿದ್ದರೆ ಆ ನಾಲ್ಕು ವರ್ಷದಲ್ಲಿ ಮುಗಿದುಹೋಗುತ್ತಿತ್ತು. ಪಾಳಿಯ ಮೇಲೆ ನಿಂತಿದ್ದರಿಂದ ಉಳಿಯಿತು.

ಕಪ್ಪಿನಾಚೆಯ ಲೆಕ್ಕ

ಈ ಇತಿಹಾಸದ ಇನ್ನೊಂದು ಮುಖವನ್ನೂ ನೋಡಬೇಕು. 2016ರ ರಿಯೋ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ 16 ಮಂದಿಯಲ್ಲಿ ನಾಲ್ವರು ಕೊಡಗಿನವರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ಇವರಲ್ಲಿ ಸೋಮವಾರಪೇಟೆಯ ಸುನಿಲ್ ಯಾವ ಒಕ್ಕಕ್ಕೂ ಸೇರಿದವರಲ್ಲ. ಹಬ್ಬ ಕೊಡವರದ್ದಾದರೂ ಆಟ ಇಡೀ ಜಿಲ್ಲೆಯದಾಗಿತ್ತು.

ಟೋಕಿಯೋದಲ್ಲಿ 41 ವರ್ಷಗಳ ಬಳಿಕ ಭಾರತಕ್ಕೆ ಹಾಕಿ ಪದಕ ಬಂತು. ಆ ತಂಡದಲ್ಲಿ ಕರ್ನಾಟಕದ ಒಬ್ಬನೂ ಇರಲಿಲ್ಲ. 2024ರ ಪ್ಯಾರಿಸ್‌ನಲ್ಲಿ ಮತ್ತೆ ಕಂಚು, ಮತ್ತೆ ನಮ್ಮವರು ಯಾರೂ ಇಲ್ಲ. ನಾಪೋಕ್ಲುವಿನಲ್ಲಿ 360 ತಂಡಗಳು ಗಿನ್ನೆಸ್ ದಾಖಲೆ ಬರೆದದ್ದೂ ಅದೇ ವರ್ಷ.

ಇದು ಹಬ್ಬದ ತಪ್ಪಲ್ಲ. ಹಬ್ಬ ಮಾಡುವ ಕೆಲಸ ಒಂದು, ತಾಲೀಮು ಮಾಡುವ ಕೆಲಸ ಇನ್ನೊಂದು. ಒಡಿಶಾದ ಸುಂದರ್‌ಗಢದಲ್ಲೂ ಹಳ್ಳಿಯ ಹಾಕಿ ಪಂದ್ಯಗಳು ನಡೆಯುತ್ತವೆ, ಗೆದ್ದವರಿಗೆ ಆಡು ಬಹುಮಾನ. ಆದರೆ ಅಲ್ಲಿ ಸರ್ಕಾರ ಕ್ರೀಡಾ ಹಾಸ್ಟೆಲ್ ಕಟ್ಟಿತು, ಬ್ಲಾಕಿಗೊಂದರಂತೆ ಟರ್ಫ್ ಹಾಕಲು ಹೊರಟಿತು, ದೇಶದ ತಂಡಕ್ಕೇ ಪ್ರಾಯೋಜಕನಾಯಿತು. ಆಡಿಗಾಗಿ ಆಡಿದ ಹುಡುಗ ಮುಂದೆ ಎಲ್ಲಿಗೆ ಹೋಗಬೇಕು ಎಂಬ ದಾರಿ ಕಣ್ಣಿಗೆ ಕಾಣುತ್ತದೆ. ಅಮಿತ್ ರೋಹಿದಾಸ್ ಆ ದಾರಿಯಲ್ಲೇ ಎರಡು ಒಲಿಂಪಿಕ್ ಪದಕದ ತನಕ ಹೋದರು. ಕೊಡಗಿನಲ್ಲೂ ಪೊನ್ನಂಪೇಟೆಯಂಥ ಕಡೆ ಟರ್ಫ್ ಇದೆ, ಕ್ರೀಡಾ ಹಾಸ್ಟೆಲ್ ಇದೆ. ಆದರೆ ಏಪ್ರಿಲ್-ಮೇನಲ್ಲಿ ಮನೆಯ ಹೆಸರಿಗಾಗಿ ಓಡಿದ ಹತ್ತು ವರ್ಷದ ಹುಡುಗನ ಕೈಗೆ ಜೂನ್‌ನಿಂದ ಮಾರ್ಚ್ ತನಕವೂ ಸ್ಟಿಕ್ಕು ಸಿಗಬೇಕು, ಕಲಿಸುವವರು ಸಿಗಬೇಕು. ಉಳಿದ ಹತ್ತು ತಿಂಗಳಿನ ಹೊಣೆಯನ್ನು ಮನೆತನಗಳ ತಲೆ ಮೇಲೆ ಹಾಕಿ ಸರ್ಕಾರ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ನಮ್ಮ ಕಡೆಗೆ ಏನು?

ಕೊಡಗಿನ ಈ ಪದ್ಧತಿ ನೋಡಿ ಅಲ್ಲಿಯ ಗೌಡ ಕುಟುಂಬಗಳು ತಮ್ಮದೇ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತಿವೆ. ಅಂದರೆ ಆಟ ಯಾವುದಾದರೂ ಆಗಬಹುದು, ಪಾಳಿ ಮುಖ್ಯ. ನಮ್ಮ ಊರುಗಳಲ್ಲಿ ಕಬಡ್ಡಿ ಪಂದ್ಯಾವಳಿ ಹೇಗೆ ನಡೆಯುತ್ತವೆ ಎಂದು ನಿಮಗೇ ಗೊತ್ತು. ಒಬ್ಬ ಮುಖಂಡ ಮುಂದೆ ನಿಂತರೆ ಉಂಟು, ಆತ ಊರು ಬಿಟ್ಟರೆ ಇಲ್ಲ. ಚುನಾವಣೆ ಇದ್ದ ವರ್ಷ ದೊಡ್ಡ ಕಪ್ಪು, ಇಲ್ಲದ ವರ್ಷ ಮೈದಾನದ ತುಂಬ ಕಸ. ಆಡುವವರೂ ಹದಿನೆಂಟರಿಂದ ಇಪ್ಪತ್ತೈದರ ಹುಡುಗರು ಮಾತ್ರ. ಹಿರಿಯರು ಕಟ್ಟೆ ಮೇಲೆ, ಹೆಣ್ಣುಮಕ್ಕಳು ಮನೆ ಬಾಗಿಲಲ್ಲಿ.

ಜಾತ್ರೆಗೆ ಓಣಿ ಓಣಿಯವರು ಪಾಳಿ ಹಚ್ಚಿಕೊಂಡು ಪ್ರಸಾದದ ವ್ಯವಸ್ಥೆ ಮಾಡುವುದು ನಮಗೆ ಹೊಸದಲ್ಲ. ಆ ಪಾಳಿಯನ್ನೇ ಮೈದಾನಕ್ಕೂ ತರಬಹುದು. ಈ ವರ್ಷ ಒಂದು ಓಣಿ, ಬರುವ ವರ್ಷ ಇನ್ನೊಂದು. ತಂಡದಲ್ಲಿ ಒಬ್ಬ ಹಿರಿಯ, ಒಬ್ಬ ಶಾಲೆ ಹುಡುಗ, ಒಬ್ಬಳು ಹುಡುಗಿ ಇರಲೇಬೇಕು ಎಂದು ಮೊದಲೇ ನಿಯಮ ಮಾಡಬಹುದು. ಇದಕ್ಕೆ ಟರ್ಫೂ ಬೇಡ, ಶಾಸಕರ ಫೋಟೋ ಇರುವ ಬ್ಯಾನರೂ ಬೇಡ.

ಅಷ್ಟಾದ ಮೇಲೆ ಆ ಮೈದಾನದಲ್ಲಿ ಚುರುಕಾಗಿ ಕಂಡ ಹುಡುಗ ಹುಡುಗಿಯರ ಹೆಸರು ಬರೆದುಕೊಂಡು, ಇವರಿಗೆ ತರಬೇತಿ ಎಲ್ಲಿ ಎಂದು ಜಿಲ್ಲಾ ಕ್ರೀಡಾ ಇಲಾಖೆಯನ್ನು ಕೇಳುವುದು ನಮ್ಮೆಲ್ಲರ ಕೆಲಸ. ಒಬ್ಬರು ಕೇಳಿದರೆ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಓಣಿ ಓಣಿಯವರು ಸೇರಿ ಹೋದರೆ ಉತ್ತರ ಕೊಡಲೇಬೇಕಾಗುತ್ತದೆ.