ಮಳೆಗಾಲದ ವಿನೋದಗಳೂ ಅಂಜದೀವದ ಕಥೆಯೂ

ನಮ್ಮ ಚೆಂಡಿಯಾ ಗ್ರಾಮವು ಕಾರವಾರಕ್ಕೂ ಅಂಕೋಲೆಗೂ ನಡುವೆ, ಗುಡ್ಡಸಾಲಿಗೂ ಕಡಲಿಗೂ ನಡುವೆ ಇರುವ ಊರು. ಕಾರವಾರದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3000 ಮಿಲಿಮೀಟರು ಮಳೆಯಾಗುವುದು. ಅದರ ಬಹುಭಾಗವು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುವುದು. ಈ ನಾಲ್ಕು ತಿಂಗಳು ನಮ್ಮ ಪೂರ್ವಿಕರು ಸೂರಿನ ಕೆಳಗೆ ಕುಳಿತು ಏನು ಮಾಡುತ್ತಿದ್ದರು? ಪ್ರಶ್ನೆಯು ಬಾಲಿಶವೆಂದು ಕೆಲವರಿಗೆ ತೋರಬಹುದು. ರಾಜರ ಯುದ್ಧಗಳನ್ನು ಬರೆದಿಡುವ ಇತಿಹಾಸವು ಜನರು ಜಗಲಿಯಲ್ಲಿ ಕುಳಿತ ಕಾಲವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ಆ ಕುಳಿತ ಕಾಲದಲ್ಲಿಯೇ ನಮ್ಮ ಸಂಸ್ಕೃತಿಯ ದೊಡ್ಡದೊಂದು ಪಾಲು ಸಿದ್ಧವಾಯಿತೆಂಬುದು ನನ್ನ ಅಭಿಪ್ರಾಯ.

ಮೊದಲು ಶಾಸ್ತ್ರದ ಮಾತು. ವೇದಾಧ್ಯಯನವನ್ನು ಶ್ರಾವಣದ ಅಥವಾ ಭಾದ್ರಪದದ ಹುಣ್ಣಿಮೆಯಲ್ಲಿ ಉಪಕ್ರಮಿಸಿ ನಾಲ್ಕೂವರೆ ತಿಂಗಳು ನಡೆಸಬೇಕೆಂದು ಮನುಸ್ಮೃತಿಯು ವಿಧಿಸುತ್ತದೆ. ಅಂದರೆ ನಮ್ಮ ಪ್ರಾಚೀನರ ಶಾಲಾವರ್ಷವು ಮಳೆಯೊಡನೆಯೇ ತೆರೆಯುತ್ತಿತ್ತು. ಗುಡುಗು, ಮಿಂಚು, ಮಳೆ ಒಟ್ಟಾಗಿ ಬಂದರೆ ಅನಧ್ಯಾಯವೆಂದೂ ಅದೇ ಗ್ರಂಥವು ಹೇಳುವುದರಿಂದ, ಮಳೆಯ ರಜೆಯೂ ಇಂದಿನ ಜಿಲ್ಲಾಧಿಕಾರಿಗಳು ಹೊಸದಾಗಿ ಕಂಡುಹಿಡಿದುದಲ್ಲವೆಂದು ತಿಳಿಯುವುದು! ಸಂನ್ಯಾಸಿಗಳ ಚಾತುರ್ಮಾಸ್ಯ, ಬೌದ್ಧಭಿಕ್ಷುಗಳ ವರ್ಷಾವಾಸ, ಜೈನಮುನಿಗಳ ಚಾತುರ್ಮಾಸ, ಇವು ಮೂರೂ ಮಳೆಗಾಲದಲ್ಲಿ ಒಂದೆಡೆ ನಿಲ್ಲಬೇಕೆಂಬ ನಿಯಮಗಳೇ. ಆಗ ಮೊಳೆಯುವ ಹುಲ್ಲನ್ನೂ ಹರಿದಾಡುವ ಕ್ರಿಮಿಕೀಟಗಳನ್ನೂ ತುಳಿಯಬಾರದೆಂಬ ದಯೆ ಇದಕ್ಕೆ ಕಾರಣ. ಸದಾ ಸಂಚರಿಸುವ ಯತಿಯು ಒಂದೂರಿನಲ್ಲಿ ನಿಂತುದರಿಂದ ಆ ಊರಿನ ಗೃಹಸ್ಥರಿಗೆ ಪ್ರವಚನದ ಲಾಭವಾಯಿತು.

ಇನ್ನು ಲೋಕರೂಢಿ. ನಮ್ಮ ಕಡೆ ಮಳೆಗಾಲದ ಸಿದ್ಧತೆಯು ಬಿರುಬೇಸಿಗೆಯಲ್ಲಿಯೇ ಆರಂಭವಾಗುತ್ತಿತ್ತು. ತೆಂಗಿನ ಮಡಲು ಹೆಣೆದು ಜಗಲಿಗೆ ತಟ್ಟಿ ಕಟ್ಟುವುದು, ಸೌದೆಯನ್ನು ಒಳಗೆ ಒಟ್ಟುವುದು, ಹಲಸಿನ ಹಪ್ಪಳ ಒಣಗಿಸುವುದು, ಮಾವಿನಕಾಯಿಯನ್ನು ಉಪ್ಪುನೀರಿನಲ್ಲಿ ಭರಣಿ ತುಂಬುವುದು, ಮೀನುಗಾರರ ಮನೆಗಳಲ್ಲಿ ಮೀನನ್ನು ಒಣಗಿಸಿಡುವುದು, ಇವೆಲ್ಲವೂ ಮುಗಿದ ಮೇಲೆಯೇ ಮೊದಲ ಮಳೆಯನ್ನು ಸ್ವಾಗತಿಸುವ ಧೈರ್ಯ ಬರುತ್ತಿತ್ತು. ಮಳೆ ಹಿಡಿದ ಮೇಲೆ ಕಡಲ ದಂಡೆಯವರು ಬಲೆ ಹೆಣೆಯುತ್ತಲೂ ಹಗ್ಗ ಹೊಸೆಯುತ್ತಲೂ, ಒಳಗಿನವರು ಚಾಪೆ ಬುಟ್ಟಿಗಳನ್ನು ನೇಯುತ್ತಲೂ ಹೊತ್ತು ಕಳೆಯುತ್ತಿದ್ದರು. ಕೈಗಳಿಗೆ ಇಷ್ಟು ಕೆಲಸವಿದ್ದಾಗ ಕಿವಿಗಳು ಮಾತ್ರ ಬಿಡುವಾಗಿರುತ್ತಿದ್ದುವು. ಆ ಕಿವಿಗಳಿಗಾಗಿಯೇ ಪುರಾಣವಾಚನ ಹುಟ್ಟಿತೋ ಎನ್ನುವಂತೆ, ಶ್ರಾವಣದಲ್ಲಿ ದೀಪದ ಮುಂದೆ ಒಬ್ಬರು ಜೈಮಿನಿ ಭಾರತವನ್ನು ರಾಗವಾಗಿ ಓದಿದರೆ ಇನ್ನೊಬ್ಬರು ಅರ್ಥ ಹೇಳುವರು. ಬಯಲುಸೀಮೆಯಲ್ಲಿ ಮಳೆ ಬರಲೆಂದು ವಿರಾಟಪರ್ವವನ್ನು ಓದಿಸುವ ಪದ್ಧತಿಯುಂಟು. ನಮ್ಮಲ್ಲಿ ಮಳೆಯು ಕರೆಯದೆಯೇ ಬಂದು ಕುಳಿತು ತಾನೂ ಕಥೆ ಕೇಳುವುದು.

ಆಟಗಳ ಪೈಕಿ ಚೆನ್ನೆಮಣೆಯು ಮುಖ್ಯವಾದುದು. ಎರಡು ಸಾಲುಗಳಲ್ಲಿ ಏಳೇಳರಂತೆ ಹದಿನಾಲ್ಕು ಗುಳಿ. ಗುಳಿಗೆ ನಾಲ್ಕರಂತೆ ಒಟ್ಟು 56 ಕಾಳು. ಅಕ್ಷರವರಿಯದ ಅಜ್ಜಿಯರು ಎದುರಾಳಿಯ ಗುಳಿಯಲ್ಲಿರುವ ಕಾಳುಗಳನ್ನು ಕಣ್ಣಿನಲ್ಲಿಯೇ ಎಣಿಸಿ ಮುಂದಿನ ನಡೆಯನ್ನು ನಿಶ್ಚಯಿಸುವುದನ್ನು ಕಂಡಾಗ, ಗಣಿತವನ್ನು ಕಲಿಸಿ ದಣಿದ ನನ್ನಂತಹನಿಗೆ ನಾಚಿಕೆಯಾಗುತ್ತಿತ್ತು. ಚೌಕಾಬಾರ, ಪಗಡೆಗಳೂ ಇದ್ದುವು.

ಎಲ್ಲಕ್ಕೂ ಮಿಗಿಲಾದುದು ತಾಳಮದ್ದಳೆ. ಮಳೆಗಾಲದಲ್ಲಿ ಯಕ್ಷಗಾನದ ಬಯಲಾಟಗಳು ನಿಲ್ಲುವುವು. ಆಗ ವೇಷ, ಕುಣಿತ, ರಂಗಸ್ಥಳ ಯಾವುದೂ ಇಲ್ಲದೆ, ಭಾಗವತರ ಪದ, ಮದ್ದಳೆಯ ನುಡಿ, ಅರ್ಥಧಾರಿಗಳ ಮಾತು ಇಷ್ಟರಿಂದಲೇ ಕೃಷ್ಣಸಂಧಾನವೂ ವಾಲಿವಧೆಯೂ ಜಗಲಿಯಲ್ಲಿ ನಡೆಯುವುವು. ಈ ಕಲೆಯು ನಿನ್ನೆ ಮೊನ್ನೆಯದಲ್ಲ. ಬಳ್ಳಾರಿ ಸೀಮೆಯ ಕುರುಗೋಡಿನ ಕಡೆಯ 1556ರ ಶಾಸನವೊಂದು ತಾಳಮದ್ದಳೆಯವರಿಗೆ ಭೂಮಿ ಬಿಟ್ಟುದನ್ನು ಹೇಳುತ್ತದೆ. ವಾಲಿಯು ರಾಮನನ್ನು ಪ್ರಶ್ನಿಸುವಾಗ ಕೇಳುವವರು ಧರ್ಮಾಧರ್ಮಗಳನ್ನು ತಾವೇ ತೂಗಿ ನೋಡಬೇಕಾಗುವುದು. ನ್ಯಾಯಶಾಸ್ತ್ರವನ್ನು ಓದದವರಿಗೂ ಪೂರ್ವಪಕ್ಷ ಸಿದ್ಧಾಂತಗಳ ಪರಿಚಯ ಹೀಗೆ ದೊರೆಯಿತು.

ಇದರ ಬೆಲೆಯನ್ನು ತಿಳಿಯಬೇಕಾದರೆ ಇಲ್ಲಿಯೇ ಹತ್ತಿರದ ಒಂದು ದ್ವೀಪವನ್ನು ನೋಡಬೇಕು. ನಮ್ಮ ನೆರೆಯ ಬಿಣಗಾ-ಅರ್ಗಾ ದಂಡೆಯ ಮುಂದೆ ಅಂಜದೀವವಿದೆ. ವಾಸ್ಕೋ ಡ ಗಾಮನು 1498ರಲ್ಲಿ ಇಲ್ಲಿ ತಂಗಿದ್ದನು. 1505ರಲ್ಲಿ ಅಲ್ಮೇಡನು ಕೋಟೆ ಕಟ್ಟಿಸಿದನು. 1661ರಲ್ಲಿ ಪೋರ್ತುಗೀಜರ ರಾಜಪುತ್ರಿ ಕ್ಯಾಥರೀನಳ ವಿವಾಹದ ಬಳುವಳಿಯಾಗಿ ಮುಂಬಯಿಯು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಸಲ್ಲಬೇಕೆಂದು ಒಪ್ಪಂದವಾಯಿತು. ಅದನ್ನು ವಶಪಡಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ನನೊಡನೆ ನಾನೂರಕ್ಕೂ ಮಿಕ್ಕಿದ ಸಿಪಾಯಿಗಳು 1662ರಲ್ಲಿ ಬಂದರು. ಪೋರ್ತುಗೀಜ ಅಧಿಕಾರಿಗಳು ನೆಪ ಹೇಳಿ ಊರನ್ನು ಬಿಟ್ಟುಕೊಡಲಿಲ್ಲ. ಸೂರತ್ತಿನಲ್ಲಿಯೂ ಇಳಿಯಲು ಸ್ಥಳ ಸಿಕ್ಕಲಿಲ್ಲ. ಕೊನೆಗೆ ಆ ದಂಡು ಈ ಚಿಕ್ಕ ದ್ವೀಪದಲ್ಲಿ ಬಂದು ಬಿದ್ದು, 1663 ಮತ್ತು 1664ರ ಎರಡು ಮಳೆಗಾಲಗಳನ್ನು ಕಳೆಯಿತು. 1664ರ ಏಪ್ರಿಲಿನಲ್ಲಿ ಶಿಪ್‌ಮನ್ನನೇ ತೀರಿಕೊಂಡನು. 1665ರ ಫೆಬ್ರವರಿಯಲ್ಲಿ ಹಂಫ್ರಿ ಕುಕ್ ಎಂಬವನು ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳುವಾಗ ಅವನೊಡನೆ ಉಳಿದಿದ್ದವರು ನೂರರ ಆಸುಪಾಸು ಮಾತ್ರ. ಮುಂದೆ ಮಹಾನಗರವಾದ ಮುಂಬಯಿಯ ಆಂಗ್ಲ ಚರಿತ್ರೆಯು ನಮ್ಮ ಕಡಲಿನ ಈ ಗೋರಿಗಳ ನಡುವಿನಿಂದ ಹೊರಟಿತೆಂಬುದನ್ನು ಬಹಳ ಮಂದಿ ಅರಿಯರು.

ಅವರು ಸತ್ತುದು ರೋಗದಿಂದಲೂ ಒಳ್ಳೆಯ ಆಹಾರ ವಸತಿಗಳ ಅಭಾವದಿಂದಲೂ. ಚೆನ್ನೆಮಣೆಯಿಲ್ಲದೆ ಸತ್ತರೆಂದು ನಾನು ಹೇಳುವುದಿಲ್ಲ. ಆದರೆ ಅದೇ ಆಷಾಢದ ಮಳೆಯು ಆ ದಡದಲ್ಲಿಯೂ ಈ ದಡದಲ್ಲಿಯೂ ಸುರಿಯುತ್ತಿತ್ತು. ಆಗ ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಈ ದಂಡೆಯ ಬಡ ರೈತನಿಗೆ ಮಳೆಯು ವರ್ಷವರ್ಷವೂ ಬರುವ ಅತಿಥಿ. ಅವನ ಅಟ್ಟದಲ್ಲಿ ಅಕ್ಕಿಯೂ ನೆನಪಿನಲ್ಲಿ ಕಥೆಯೂ ಮೊದಲೇ ಕೂಡಿದ್ದುವು. ದ್ವೀಪದ ಸಿಪಾಯಿಗೆ ಬೇಸಿಗೆಯಲ್ಲಿ ಕೂಡಿಡಲು ಕಲಿಸಿದ ಅಜ್ಜಿ ಇರಲಿಲ್ಲ. ಕಳುಹಿಸಿದ ಅರಸನು ದೂರದಲ್ಲಿದ್ದನು.

ಹಾಗೆಂದು ನಮ್ಮ ಜಗಲಿಯನ್ನು ಹೊಗಳಿ ಮುಗಿಸುವುದು ಸತ್ಯಕ್ಕೆ ದ್ರೋಹವಾದೀತು. ಎಲ್ಲರೂ ಒಂದೇ ಜಗಲಿಯಲ್ಲಿ ಕುಳಿತಿರಲಿಲ್ಲ. ಕೆಲವರು ಮೇಲೆ, ಕೆಲವರು ಮೆಟ್ಟಲಲ್ಲಿ, ಕೆಲವರು ಅಂಗಳದ ಸೂರಿನ ಹನಿಯ ಕೆಳಗೆ ನಿಂತು ಕಥೆ ಕೇಳಿದರು. ನಾನು ಉಪಾಧ್ಯಾಯನಾದ ಮೊದಲ ವರ್ಷಗಳಲ್ಲಿ, ಮಳೆಯಲ್ಲಿ ಎಂಟು ದಿನ ಬಾರದೆ ಉಳಿದ ಮೀನುಗಾರರ ಹುಡುಗನೊಬ್ಬನನ್ನು ಕಾರಣ ಕೇಳದೆ ಬೆಂಚಿನ ಮೇಲೆ ನಿಲ್ಲಿಸಿದೆನು. ಅವರ ಮನೆಯ ಸೂರು ಕುಸಿದುದೂ, ದೋಣಿ ಇಳಿಯದ ಆ ತಿಂಗಳಲ್ಲಿ ಒಲೆಯು ದಿನಕ್ಕೊಮ್ಮೆ ಮಾತ್ರ ಉರಿಯುತ್ತಿದ್ದುದೂ ನನಗೆ ತಿಳಿದುದು ಆಮೇಲೆ. ಅಂಜದೀವವು ಕಡಲಿನಲ್ಲಿ ಮಾತ್ರ ಇಲ್ಲವೆಂದು ಅಂದು ಅರಿತೆನು.

ದ್ವೀಪವು 1961ರ ಡಿಸೆಂಬರದಲ್ಲಿ ಪೋರ್ತುಗೀಜರಿಂದ ಬಿಡುಗಡೆಯಾಯಿತು. 1986ರಲ್ಲಿ ಶಂಕುಸ್ಥಾಪನೆಯಾದ ನೌಕಾನೆಲೆಗೆ ಈಗ ಅದು ಸೇರಿದೆ. ಆ ನೆಲೆಗಾಗಿ ಈ ದಂಡೆಯ ಅನೇಕ ಕುಟುಂಬಗಳು ಮನೆ ಬಿಟ್ಟು ಪುನರ್ವಸತಿಗೆ ಹೋದುವು. ದೇಶರಕ್ಷಣೆಗೆ ಅದು ಅವಶ್ಯವೇ. ಆದರೂ ಪರಿಹಾರದ ಪಟ್ಟಿಯಲ್ಲಿ ನೆಲಕ್ಕೂ ತೆಂಗಿನ ಮರಕ್ಕೂ ಬೆಲೆ ಕಟ್ಟಬಹುದೇ ಹೊರತು ಜಗಲಿಯಲ್ಲಿ ಕೂಡುತ್ತಿದ್ದ ನೆರೆಹೊರೆಗೆ ಕಟ್ಟಲಾಗದು. ಉಳಿದ ಮನೆಗಳಲ್ಲಿಯೂ ಇಂದು ಮಳೆಯ ರಜೆ ಬಂದರೆ ಮಕ್ಕಳು ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಮೊಬೈಲು ಹಿಡಿದು, ತಮ್ಮತಮ್ಮ ದ್ವೀಪಗಳಲ್ಲಿ ಇರುವರು.

ವಾಚಕ ಮಹಾಶಯರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಬರುವ ಶ್ರಾವಣದಲ್ಲಿ ಒಂದು ಸಂಜೆಯಾದರೂ ತಮ್ಮ ಜಗಲಿಯಲ್ಲಿ ದೀಪವಿಟ್ಟು, ಭಾರತವನ್ನೋ ಚೆನ್ನೆಮಣೆಯನ್ನೋ ಹೊರತೆಗೆದು, ನೆರೆಯವರನ್ನು ಕರೆಯಲಿ. ಈ ಸಲ ಯಾರನ್ನೂ ಅಂಗಳದಲ್ಲಿ ನಿಲ್ಲಿಸದಿರಲಿ. ಶ್ರಾವಣದ ಹುಣ್ಣಿಮೆಯಂದು ಉಪಾಕರ್ಮದವರು ವೇದವನ್ನು ಆರಂಭಿಸುವರು. ಅದೇ ದಿನ ಕಡಲಿನವರು ಸಮುದ್ರಕ್ಕೆ ತೆಂಗಿನಕಾಯಿಯನ್ನು ಅರ್ಪಿಸುವರು. ಒಬ್ಬರಿಗೆ ಒಳಗಿನ ಕಾಲ ತೆರೆಯುವಾಗ ಇನ್ನೊಬ್ಬರಿಗೆ ಹೊರಗಿನ ದಾರಿ ತೆರೆಯುವುದು. ಆ ಎರಡು ಮನೆಗಳವರೂ ಅದರ ಹಿಂದಿನ ಸಂಜೆ ಒಂದೇ ಚಾಪೆಯ ಮೇಲೆ ಕುಳಿತು ಕಥೆ ಕೇಳಿದರೆ, ಆ ವರ್ಷದ ಮಳೆಗಾಲವು ಸಾರ್ಥಕವಾಯಿತೆಂದು ನಾನು ತಿಳಿಯುವೆನು.