ಕೇಪು, ಮದ್ದು, ಗುಂಡು: ಅಮೆರಿಕದಲ್ಲಿ ಕೈಬಂದೂಕಿನ ತೋಟಾ ಮರುಭರ್ತಿಯ ಚರಿತ್ರೆ

ಮಲೆನಾಡಿನ ಮಾತಿನಲ್ಲಿ ಕೋವಿಗಳಿಗೆ ಎರಡು ಜಾತಿ: ಕೇಪಿನ ಕೋವಿ, ತೋಟಾ ಕೋವಿ. ಮೊದಲನೆಯದಕ್ಕೆ ಮದ್ದು, ಗುಂಡು, ಕಿಡಿ ಕೊಡುವ ಕೇಪು ಮೂರನ್ನೂ ಬೇಟೆಗಾರನೇ ಹೊಂದಿಸಬೇಕು. ಎರಡನೆಯದಕ್ಕೆ ಅವು ಒಂದೇ ಚಿಪ್ಪಿನೊಳಗೆ ಸಿದ್ಧವಾಗಿ ಬರುತ್ತವೆ. ಅಮೆರಿಕದ ಕೈಬಂದೂಕುಗಳ ಚರಿತ್ರೆಯೂ ಇದೇ ಗೆರೆಯಲ್ಲಿ ಇಬ್ಭಾಗವಾಗುತ್ತದೆ. ಆದರೆ ಅಲ್ಲಿ ತೋಟಾ ಬಂದ ಮೇಲೂ ಕೆಲವರು ಖಾಲಿ ಚಿಪ್ಪುಗಳನ್ನು ಮನೆಗೆ ತಂದು ಮತ್ತೆ ತುಂಬುತ್ತಲೇ ಇದ್ದರು. ಈ ಕಸುಬನ್ನು ಕಾರ್ಖಾನೆ ಯುಗದ ಹವ್ಯಾಸ ಎನ್ನುವುದಕ್ಕಿಂತ ಕೇಪಿನ ಕಾಲದ ರೂಢಿಯ ಮುಂದುವರಿಕೆ ಎನ್ನುವುದೇ ಸರಿ.

ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ರಿವಾಲ್ವರ್ ಕೇಪಿನದೇ. ಅಂಥ ರಿವಾಲ್ವರ್ ಕೊಂಡವನಿಗೆ ಮದ್ದಿನ ಕುಪ್ಪಿ, ಸೀಸ ಎರೆಯುವ ಅಚ್ಚು ಎರಡೂ ಬೇಕಿದ್ದವು. 1857ರಲ್ಲಿ ಸ್ಮಿತ್ ಅಂಡ್ ವೆಸ್ಸನ್‌ನ ಪುಟ್ಟ ರಿವಾಲ್ವರ್ ಈ ರೂಢಿಯನ್ನು ತುಂಡರಿಸಿತು. ಅದರ ಲೋಹದ ತೋಟಾದಲ್ಲಿ ಸಿಡಿಯುವ ಮದ್ದು ತಳದ ಅಂಚಿನ ಮಡಿಕೆಯೊಳಗೇ ಇರುತ್ತಿತ್ತು. ಒಮ್ಮೆ ನಜ್ಜುಗುಜ್ಜಾದ ಅಂಚು ಮತ್ತೆ ಕೆಲಸಕ್ಕೆ ಬಾರದು.

ಕೇಪು ಅಂಚಿನಿಂದ ತಳದ ನಡುವಿಗೆ ಸರಿದಾಗ ಚಿಪ್ಪಿಗೆ ಮರುಜನ್ಮ ಸಿಕ್ಕಿತು. 1866ರಲ್ಲಿ ಇಬ್ಬರು ಕರ್ನಲ್‌ಗಳು ಎರಡು ಬಗೆಯ ಕೇಪುಗಳಿಗೆ ಪೇಟೆಂಟ್ ಪಡೆದರು: ಅಮೆರಿಕದ ಹೈರಮ್ ಬರ್ಡನ್, ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್. ಬರ್ಡನ್ ಪದ್ಧತಿಯಲ್ಲಿ ಕೇಪಿಗೆ ಅಡಿಗಲ್ಲಾಗುವ ಮೊಳೆ ಚಿಪ್ಪಿನದೇ ಭಾಗ. ಕಿಡಿ ದಾಟುವ ರಂಧ್ರಗಳು ಅದರ ಅಕ್ಕಪಕ್ಕದಲ್ಲಿ. ಬಾಕ್ಸರನದರಲ್ಲಿ ಅಡಿಗಲ್ಲು ಕೇಪಿನೊಳಗೇ ಇದೆ, ರಂಧ್ರ ನಟ್ಟನಡುವೆ ಒಂದೇ. ಆ ರಂಧ್ರದೊಳಗೆ ಸಣ್ಣ ಕಡ್ಡಿ ತೂರಿಸಿ ಒತ್ತಿದರೆ ಹಳೆಯ ಕೇಪು ಉದುರುತ್ತದೆ. ತಮಾಷೆಯೆಂದರೆ, ಅಮೆರಿಕನ್ನನ ಕೇಪು ಯೂರೋಪಿನಲ್ಲಿ ನೆಲೆಯಾಯಿತು, ಇಂಗ್ಲಿಷಿನವನದು ಅಮೆರಿಕದಲ್ಲಿ. ಅಮೆರಿಕದ ಮನೆಗಳಲ್ಲಿ ಈ ಕಸುಬು ಉಳಿದದ್ದಕ್ಕೆ ಸ್ವಾವಲಂಬನೆಯ ದೊಡ್ಡ ಮಾತುಗಳನ್ನು ಕಾರಣವಾಗಿ ಕೊಡುವವರಿದ್ದಾರೆ. ನನಗೆ ಆ ಒಂದು ರಂಧ್ರವೇ ಹೆಚ್ಚು ನಂಬಲರ್ಹ ಕಾರಣವಾಗಿ ಕಾಣುತ್ತದೆ.

1884ರಲ್ಲಿ ಜಾನ್ ಬಾರ್ಲೋ ಕನೆಕ್ಟಿಕಟ್‌ನ ನ್ಯೂಹೇವನ್‌ನಲ್ಲಿ ಮರುಭರ್ತಿಯ ಉಪಕರಣಗಳ ಐಡಿಯಲ್ ಕಂಪನಿಯನ್ನು ತೆರೆದ. ಅವನ ಉಪಕರಣ ನಮ್ಮ ಅಡಕತ್ತರಿಯನ್ನು ನೆನಪಿಸುವ ಇಕ್ಕಳ, ಜೇಬಿನಲ್ಲಿ ಹಿಡಿಸುವಂಥದ್ದು. ಅವನು ಹೊರತಂದ ಐಡಿಯಲ್ ಕೈಪಿಡಿಗಳು ಇಂದು ಚರಿತ್ರಕಾರರಿಗೆ ಆಕರಗಳು, ಮಾರಾಟದ ಉತ್ಸಾಹವನ್ನು ಸೋಸಿ ಓದಬೇಕಷ್ಟೆ.

ಅದೇ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆಯಿಲ್ಲದ ಮದ್ದನ್ನು ರೂಪಿಸಿದ. ಅದುವರೆಗಿನ ಕಪ್ಪುಮದ್ದು ಚಿಪ್ಪಿನ ತುಂಬ ಹಿಡಿಸುವಂಥದ್ದು, ಅಳತೆಯಲ್ಲಿ ತುಸು ಹೆಚ್ಚುಕಡಿಮೆಯಾದರೂ ಕ್ಷಮಿಸುತ್ತಿತ್ತು. ಹೊಸ ಮದ್ದು ಪಿಸ್ತೂಲಿನ ಚಿಪ್ಪಿನಲ್ಲಿ ಅರ್ಧವನ್ನೂ ತುಂಬದಿರಬಹುದು. ಮರೆತು ಎರಡು ಸಲ ಹಾಕಿದರೂ ಹೊರಗಿನಿಂದ ಗೊತ್ತಾಗದು, ಆದರೆ ಬಂದೂಕು ಸಿಡಿಯಬಹುದು. ಅಂದಾಜಿನ ಕಸುಬು ತಕ್ಕಡಿಯ ಕಸುಬಾದದ್ದು, ಪರೀಕ್ಷಿಸಿದ ಅಳತೆಗಳ ಪುಸ್ತಕ ಅನಿವಾರ್ಯವಾದದ್ದು ಇಲ್ಲಿಂದ. ಫಿಲಿಪ್ ಶಾರ್ಪ್‌ನ ಬೃಹತ್ ಕೈಪಿಡಿ ಬಂದದ್ದು 1937ರಲ್ಲಿ.

ಮನೆಯ ಮೇಜು ಕಾರ್ಖಾನೆಗೆ ಪಾಠ ಹೇಳಿದ್ದೂ ಉಂಟು. ಪಶ್ಚಿಮದ ಪಶುಪಾಲಕ, ಬಂದೂಕು ಲೇಖಕ ಎಲ್ಮರ್ ಕೀತ್ .44 ಸ್ಪೆಷಲ್ ತೋಟಾವನ್ನು ಕಾರ್ಖಾನೆಯ ಮಿತಿಗಿಂತ ಬಿರುಸಾಗಿ ತುಂಬುತ್ತ, ಅಂಥದ್ದನ್ನು ಮಾರುಕಟ್ಟೆಗೆ ತನ್ನಿರೆಂದು ವರ್ಷಗಟ್ಟಲೆ ಪಟ್ಟುಹಿಡಿದ. 1955ರ .44 ಮ್ಯಾಗ್ನಮ್ ಆ ಹಟದ ಫಲ. ಅವನನ್ನು ಕುರುಡಾಗಿ ಅನುಕರಿಸಿ ಬಂದೂಕು ಒಡೆದುಕೊಳ್ಳುವ ಅಪಾಯವೂ ಇದ್ದೇ ಇತ್ತೆನ್ನಿ.

ಎರಡನೆಯ ಮಹಾಯುದ್ಧದ ನಂತರ ಬ್ರೂಸ್ ಹಾಡ್ಜ್‌ಡನ್ ಸೈನ್ಯದ ಹೆಚ್ಚುವರಿ ಮದ್ದನ್ನು ಕೊಂಡು ಮನೆಯಲ್ಲಿ ತೋಟಾ ತುಂಬುವವರಿಗೆ ಮಾರಿದ. ಆಮೇಲೆ ಮೈಕ್ ಡಿಲನ್‌ನ ಯಂತ್ರಗಳು ಸನ್ನೆಯ ಒಂದೊಂದು ಎಳೆತಕ್ಕೂ ಒಂದು ತೋಟಾ ಮುಗಿಸಿಕೊಟ್ಟವು. ಸ್ಪರ್ಧೆಗಾಗಿ ಸಾವಿರಗಟ್ಟಲೆ ಗುಂಡು ಹಾರಿಸುವವರಿಗೆ ಬೇಕಾದದ್ದು ಅದೇ.

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆ ಚಿಪ್ಪು, ಕೇಪು, ಮದ್ದು, ಗುಂಡುಗಳನ್ನೆಲ್ಲ ಮದ್ದುಗುಂಡು ಎಂದೇ ಕರೆದರೂ ತಯಾರಿಕೆಯ ಪರವಾನಗಿಯನ್ನು ವ್ಯಾಪಾರಕ್ಕೆ ಕಟ್ಟಿತು. ಸ್ವಂತಕ್ಕೆ ತುಂಬಿಕೊಳ್ಳುವವನನ್ನು ಬಿಟ್ಟಿತು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಾದರೋ ಮದ್ದುಗುಂಡು ತಯಾರಿಸುವ ಯಂತ್ರವೂ ಮದ್ದುಗುಂಡೇ. ಬಾರ್ಲೋನ ಅಡಕತ್ತರಿ ಇಲ್ಲಿಗೆ ಬಂದಿದ್ದರೆ ಖಾಲಿ ಕೈಯಲ್ಲಿದ್ದಾಗಲೂ ಪರವಾನಗಿ ಕೇಳಿಸಿಕೊಳ್ಳುತ್ತಿತ್ತು.